ಒಂಬತ್ತು ತೆಂಗಿನ ಮರ

ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿದರೆ ಎರಡರಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತೆ. ಅಪ್ಪನ ಸ್ಪ್ಲೆಂಡರ್ ಓಡಿಸುತ್ತಿದ್ದ ಒಂಬತ್ತು ವರ್ಷ ಜನ ಕೇಳಿದ್ದು "ಎಷ್ಟು ಕೊಡುತ್ತೆ?" ಅಂತ. ಅರವತ್ತು ಕೊಡುತ್ತೆ ಅಂದರೆ ತಲೆ ಆಡಿಸಿ ಸುಮ್ಮನಾಗುತ್ತಿದ್ದರು. ಯಮಹಾ ಆರ್15 ತಗೊಂಡ ದಿನದಿಂದ ಆ ಪ್ರಶ್ನೆ ಒಬ್ಬರೂ ಕೇಳಿಲ್ಲ. ಈಗ ಕೇಳೋದು "ಎಷ್ಟು ಹೋಗುತ್ತೆ?" ಇದಕ್ಕೆ ವಯಸ್ಸಿನ ಭೇದ ಇಲ್ಲ. ಪಿಯುಸಿ ಹುಡುಗರು ಕೇಳುತ್ತಾರೆ, ಹಾಲಿನ ಕ್ಯಾನ್ ಕಟ್ಟಿಕೊಂಡು ಬಂದ ಯಜಮಾನರು ಕೇಳುತ್ತಾರೆ. ಒಮ್ಮೆ ದಾಖಲೆ ನೋಡೋಕೆ ಕೈ ಅಡ್ಡ ಹಾಕಿದ ಟ್ರಾಫಿಕ್ ಪೊಲೀಸರೊಬ್ಬರು, ಎಲ್ಲಾ ಸರಿ ಇದೆ ಅಂತ ವಾಪಸ್ ಕೊಡುತ್ತಾ, ಆಚೀಚೆ ನೋಡಿ, ದನಿ ತಗ್ಗಿಸಿ ಕೇಳಿದ್ದರು.

ಮೊದಮೊದಲು ನಾನೂ ಎದೆ ಉಬ್ಬಿಸಿ "ನೂರಾ ಮೂವತ್ತು" ಅನ್ನುತ್ತಿದ್ದೆ. ಹೋಗಿ ನೋಡಿರಲಿಲ್ಲ. ಯಾವುದೋ ವಿಡಿಯೋದಲ್ಲಿ ಕೇಳಿದ್ದು. ಆಮೇಲೊಂದು ದಿನ ಈ ಪ್ರಶ್ನೆ ತಲೆ ತಿನ್ನೋಕೆ ಶುರುವಾಯಿತು. ಇಷ್ಟು ಜನ ಎಷ್ಟು ಹೋಗುತ್ತೆ ಅಂತ ಕೇಳಿದರಲ್ಲ, ಎಷ್ಟರಲ್ಲಿ ನಿಲ್ಲುತ್ತೆ ಅಂತ ಒಬ್ಬರಾದರೂ ಕೇಳಿದರಾ? ಬೇರೆಯವರು ಬಿಡಿ, ಸುಮಾರು ಎರಡೂಕಾಲು ಲಕ್ಷ ಸುರಿದು ತಗೊಂಡ ನಾನು ಕೇಳಿಕೊಂಡಿದ್ದೆನಾ? ಇಲ್ಲ. ಅದನ್ನು ಕೇಳಿಕೊಳ್ಳೋಕೆ ನಾನು ತುರುವೇಕೆರೆ ರಸ್ತೆಯಲ್ಲಿ ಹುರುಳಿ ಮೇಲೆ ಬೀಳಬೇಕಾಯಿತು. ಅದರ ಕಥೆ ಮುಂದೆ ಬರುತ್ತೆ.

ತಗೊಂಡ ಕಥೆ

ನನಗೆ ಆಗ ಮೂವತ್ತೊಂದು. ಸ್ಪೋರ್ಟ್ಸ್ ಬೈಕ್ ತಗೊಳ್ಳೋ ವಯಸ್ಸು ದಾಟಿತ್ತು ಅಂತ ಮನೆಯಲ್ಲಿ ಎಲ್ಲರ ಅಭಿಪ್ರಾಯ. ಆದರೆ ಆಸೆ ಹುಟ್ಟಿದ್ದು ಬಹಳ ಹಿಂದೆ. 2008ರಲ್ಲಿ ಮೊದಲ ಆರ್15 ಬಂದಾಗ ನಾನು ಕಾಲೇಜಿಗೆ ಸೇರುವ ಹುಡುಗ. ತಿಪಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ಯಾರೋ ನೀಲಿ ಬಣ್ಣದ್ದೊಂದು ನಿಲ್ಲಿಸಿ ಹೋಗಿದ್ದರು. ಬಸ್ ಬಂದರೂ ಹತ್ತದೆ ಅದರ ಸುತ್ತ ಎರಡು ಸುತ್ತು ಹಾಕಿದ್ದೆ. ಆ ಬಸ್ ಬಿಟ್ಟಿದ್ದಕ್ಕೆ ಮನೆಯಲ್ಲಿ ಏನು ಸುಳ್ಳು ಹೇಳಿದೆ ಅನ್ನೋದೂ ನೆನಪಿದೆ.

2022ರಲ್ಲಿ ಕೊನೆಗೂ ಕೈಯಲ್ಲಿ ದುಡ್ಡು ಸೇರಿದಾಗ ಎದುರಿಗೆ ಬೇಕಾದಷ್ಟು ಇದ್ದವು. ಹೊಸೂರಿನಲ್ಲಿ ತಯಾರಾಗುವ ಅಪಾಚೆ ಆರ್‌ಆರ್ 310 ನೋಡಿದೆ. ಕೆಟಿಎಂ ಆರ್‌ಸಿ 390 ಮೇಲೆ ಕೂತು ಇಳಿದೆ. ಗೆಳೆಯರದ್ದು ಒಂದೇ ಮಾತು, "ಹೆಂಗೂ ತಗೋತೀಯ, ದೊಡ್ಡದೇ ತಗೋ, ಆರು ತಿಂಗಳಿಗೆ 155 ಸಿಸಿ ಬೇಜಾರಾಗುತ್ತೆ." ಈ ಮಾತು ಕೇಳದೆ ಇದ್ದದ್ದು ಆ ವರ್ಷ ನಾನು ಮಾಡಿದ ಒಂದೇ ಬುದ್ಧಿವಂತ ಕೆಲಸ. ಸ್ಪ್ಲೆಂಡರ್‌ದು 97 ಸಿಸಿ, 8 ಹಾರ್ಸ್‌ಪವರ್ ಆಸುಪಾಸು. ಆರ್15 ಅದರ ಎರಡರಷ್ಟಕ್ಕಿಂತ ಜಾಸ್ತಿ, 18. ಆರ್‌ಸಿ 390 ಅಂದರೆ 43. ಎಂಟರಿಂದ ನಲವತ್ಮೂರಕ್ಕೆ ಒಂದೇ ನೆಗೆತ ನನ್ನ ಕೈಲಾಗಲ್ಲ ಅಂತ ಯಾಕೋ ಅನ್ನಿಸಿತು. ಧೈರ್ಯ ಸಾಲದೆ ಹಾಗೆ ಅನ್ನಿಸಿರಬಹುದು, ಇರಲಿ, ಹೆದರಿಕೆಯೂ ಕೆಲವು ಸಲ ಸರಿಯಾದ ಲೆಕ್ಕವನ್ನೇ ಹೇಳುತ್ತೆ.

ಇಲ್ಲೊಂದು ತಮಾಷೆ ಇದೆ. ಕಾನೂನಿನ ಪ್ರಕಾರ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಯುರೋಪಿನಲ್ಲಿ ಬೈಕ್ ಲೈಸೆನ್ಸ್ ಮೆಟ್ಟಿಲು ಮೆಟ್ಟಿಲಾಗಿ ಇದೆ, ಮೊದಲು 125 ಸಿಸಿ, ಆಮೇಲೆ ನಡುವಿನದ್ದು, ವಯಸ್ಸು ಅನುಭವ ಆದಮೇಲೆ ದೊಡ್ಡದು. ನಮ್ಮಲ್ಲಿ ಗೇರ್ ಇರುವ ಬೈಕಿಗೆ ಒಂದೇ ಲೈಸೆನ್ಸ್. ಅಪ್ಪನ ಸ್ಪ್ಲೆಂಡರ್‌ನಲ್ಲಿ ಕಾಲು ನೆಲಕ್ಕೆ ತಾಗಿಸದೆ ಒಂದು 8 ಬರೆದು ತೋರಿಸಿದ್ದಕ್ಕೆ ನನಗೆ ಸಿಕ್ಕ ಕಾರ್ಡಿನಲ್ಲಿ ನಾಳೆ ಬೆಳಿಗ್ಗೆ ಸಾವಿರ ಸಿಸಿ ಗಾಡಿ ತಗೊಂಡು ಹೊರಟರೂ ಯಾರೂ ಏನೂ ಅನ್ನುವ ಹಾಗಿಲ್ಲ. ಆ 8 ಬರೆಯುವಾಗ ನಾನು ಎರಡನೇ ಗೇರೂ ಹಾಕಿರಲಿಲ್ಲ.

ಬೆಲೆ ವಿಷಯ ಜಾಸ್ತಿ ಹೇಳಲ್ಲ, ಕರ್ನಾಟಕದಲ್ಲಿ ಗಾಡಿ ತಗೊಂಡ ಎಲ್ಲರಿಗೂ ಆ ಹೊಟ್ಟೆನೋವು ಗೊತ್ತು. ಲಕ್ಷ ದಾಟಿದ ಬೈಕಿಗೆ ಜೀವಾವಧಿ ತೆರಿಗೆಯೇ 18 ಪರ್ಸೆಂಟ್. 1.8 ಲಕ್ಷದ ಗಾಡಿಗೆ 32,400 ರೂಪಾಯಿ ಅಲ್ಲೇ ಹೋಯಿತು. ಮೇಲೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ. ನಾನು ಮಾಡಿದ ತಪ್ಪು ಏನಂದರೆ, ಇದ್ದಬದ್ದ ದುಡ್ಡೆಲ್ಲಾ ಗಾಡಿಗೇ ಹಾಕಿ ಮೈಗೆ ಏನೂ ಉಳಿಸಿಕೊಳ್ಳಲಿಲ್ಲ. ಹೆಲ್ಮೆಟ್ ಹಳೇದೇ ಇತ್ತು, ಐಎಸ್‌ಐ ಗುರುತಿದ್ದದ್ದು ನಿಜ, ಆದರೆ ಏಳು ವರ್ಷದ ಬೆವರು ಕುಡಿದು ಒಳಗಿನ ಸ್ಪಂಜು ಸತ್ತು, ತಲೆ ಅಲ್ಲಾಡಿಸಿದರೆ ಹೆಲ್ಮೆಟ್ ಒಂದು ಕ್ಷಣ ತಡವಾಗಿ ತಿರುಗುತ್ತಿತ್ತು. ನನ್ನ ಬೈಕ್ ಬಂದ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅದರಲ್ಲಿ 50,029 ಜನ ಹೆಲ್ಮೆಟ್ ಹಾಕಿರಲಿಲ್ಲ ಅಂತ ಸರಕಾರದ ಲೆಕ್ಕ. ಸರಿಯಾಗಿ ಕೂರದ ಹೆಲ್ಮೆಟ್ ಹಾಕಿದ್ದವರ ಲೆಕ್ಕ ಅದರಲ್ಲಿ ಇಲ್ಲ. ನಾನು ಆ ಲೆಕ್ಕಕ್ಕೇ ಸಿಗದ ಗುಂಪಿನಲ್ಲಿ ಓಡಾಡುತ್ತಿದ್ದೆ.

ಆಯುಧಪೂಜೆ ದಿನವೇ ಡೆಲಿವರಿ ಬೇಕು ಅಂತ ಅಮ್ಮನ ಹಟ. ಅಕ್ಟೋಬರ್ 4. ಶೋರೂಮಿನಲ್ಲಿ ಹಾರ, ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು, ಎಲ್ಲಾ ಆಯಿತು. ಬೆಂಗಳೂರಿನಲ್ಲಿ ಆ ಸಂಜೆ ರಸ್ತೆ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಪ್ರತಿ ಅಂಗಡಿ, ಪ್ರತಿ ಗ್ಯಾರೇಜ್, ಪ್ರತಿ ಆಫೀಸಿನ ಮುಂದೆ ಒಡೆದ ಬೂದುಗುಂಬಳ. ಹೊಸ ಟಯರ್ ಮೇಲ್ಮೈ ನುಣುಪಾಗಿರುತ್ತೆ, ಮೊದಲ ನೂರು ಕಿಲೋಮೀಟರ್ ಹುಷಾರು ಅಂತ ಓದಿದ್ದೆ. ಮೇಲೆ ಶೋರೂಮಿನವರು ಗಾಳಿ ಕಮ್ಮಿ ಮಾಡದೆ ಕೊಟ್ಟಿದ್ದರು, ಆಮೇಲೆ ಬಂಕಿನಲ್ಲಿ ನೋಡಿದರೆ ಎರಡೂ ಚಕ್ರ ಕಲ್ಲಿನ ಹಾಗೆ. ರಾಜಾಜಿನಗರದ ಒಂದು ತಿರುವಿನಲ್ಲಿ ಹಿಂದಿನ ಚಕ್ರ ಕುಂಬಳದ ತಿರುಳಿನ ಮೇಲೆ ಹೋಗಿ ಒಂದು ಗೇಣು ಪಕ್ಕಕ್ಕೆ ಜಾರಿತು. ಬೀಳಲಿಲ್ಲ. ಕಾಲು ಕೊಟ್ಟೆ. ಪಕ್ಕದಲ್ಲಿ ಹೂ ಮಾರುತ್ತಿದ್ದ ಹೆಂಗಸು "ದೃಷ್ಟಿ ಹೋಯ್ತು ಬಿಡಪ್ಪಾ" ಅಂದಳು. ದೃಷ್ಟಿ ತೆಗೆಯೋಕೆ ಒಡೆದದ್ದೇ ನನ್ನನ್ನು ಬೀಳಿಸೋಕೆ ನೋಡಿತ್ತು, ಅದನ್ನು ಅವಳಿಗೆ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಊರಿಗೆ ಮೊದಲ ಸಲ ತಗೊಂಡು ಹೋದಾಗ ಅಪ್ಪ ಕೂತು ನೋಡಿದರು. ಹ್ಯಾಂಡಲ್ ಕೆಳಗೆ, ಪೆಡಲ್ ಹಿಂದೆ, ಸೀಟು ಎತ್ತರ. ಅರ್ಧ ನಿಮಿಷಕ್ಕೆ ಸೊಂಟ ಹಿಡಿದುಕೊಂಡು ಇಳಿದು, "ಇದು ಸಾಷ್ಟಾಂಗ ನಮಸ್ಕಾರ ಹಾಕ್ಕೊಂಡು ಓಡಿಸೋ ಗಾಡಿ ಕಣೋ" ಅಂದರು. ಅಮ್ಮ ಹಿಂದಿನ ಸೀಟು ನೋಡಿ, "ಇದು ಸೀಟಾ, ಮಣೆನಾ?" ಅಂದು ಅಡುಗೆಮನೆಗೆ ಹೋದರು.

ಮುಂದಿನ ಬ್ರೇಕ್ ಮುಟ್ಟಬೇಡ

ನಮ್ಮ ಕಡೆ ಗಾಡಿ ಕಲಿಸುವಾಗ ಮೊದಲ ಪಾಠ ಇದು. "ಮುಂದಿನ ಬ್ರೇಕ್ ಹಿಡೀಬೇಡ, ಮಗುಚಿ ಬೀಳ್ತೀಯ." ಅಪ್ಪ ನನಗೆ ಹೇಳಿದ್ದು, ಅವರಿಗೆ ಯೆಜ್ಡಿ ಕಲಿಸಿದ ಸೋದರಮಾವ ಹೇಳಿದ್ದು. ನಮ್ಮ ಸ್ಪ್ಲೆಂಡರ್‌ನಲ್ಲಿ ಮುಂದಿನ ಬ್ರೇಕ್ ಲಿವರ್ ಒಂದು ಅಲಂಕಾರದ ಸಾಮಾನಾಗಿತ್ತು. ಅದರ ಕೇಬಲ್ ಬಿಗಿ ಮಾಡಿಸಿದ ನೆನಪೇ ನನಗಿಲ್ಲ.

ಹೊಸ ಬೈಕ್ ಬಂದ ಮೇಲೆ ಒಂದಿಷ್ಟು ಓದಿದೆ, ನೋಡಿದೆ, ಕೇಳಿದೆ. ಬ್ರೇಕ್ ಹಿಡಿದ ಕೂಡಲೇ ಗಾಡಿಯ ಭಾರವೆಲ್ಲಾ ಮುಂದಕ್ಕೆ ಬರುತ್ತೆ. ಮುಂದಿನ ಟಯರ್ ರಸ್ತೆಗೆ ಒತ್ತಿಕೊಳ್ಳುತ್ತೆ, ಹಿಂದಿನದ್ದು ಹಗುರಾಗುತ್ತೆ. ಹಗುರಾದ ಚಕ್ರಕ್ಕೆ ಎಷ್ಟು ಬ್ರೇಕ್ ಹಾಕಿದರೂ ಅದು ಜಾರುತ್ತೆಯೇ ಹೊರತು ನಿಲ್ಲಿಸಲ್ಲ. ಒಣಗಿದ ಡಾಂಬರಿನ ಮೇಲೆ ಗಾಡಿ ನಿಲ್ಲಿಸುವ ಕೆಲಸದಲ್ಲಿ ಬಹುಪಾಲು ಮುಂದಿನ ಬ್ರೇಕಿನದ್ದೇ. ಅಂದರೆ ಒಂಬತ್ತು ವರ್ಷ ನಾನು ಗಾಡಿಯನ್ನು ಕಾಲು ಭಾಗ ಬ್ರೇಕಿನಲ್ಲಿ ಓಡಿಸಿದ್ದೆ.

ನೆಲಮಂಗಲದ ಆಚೆ ಸೈಟು ಮಾಡಿ ಮಾರಾಟವಾಗದೆ ಬಿಟ್ಟ ಲೇಔಟ್‌ಗಳು ಬೇಕಾದಷ್ಟಿವೆ. ಕಮಾನು ಇರುತ್ತೆ, ಬೀದಿ ದೀಪದ ಕಂಬ ಇರುತ್ತೆ, ಮನೆ ಒಂದೂ ಇರಲ್ಲ. ಭಾನುವಾರ ಬೆಳಿಗ್ಗೆ ಆರೂವರೆಗೆ ಅಲ್ಲಿ ಹೋಗಿ 30ರಲ್ಲಿ, ಆಮೇಲೆ 40ರಲ್ಲಿ, ಆಮೇಲೆ 50ರಲ್ಲಿ ಬ್ರೇಕ್ ಹಿಡಿಯುವುದನ್ನೇ ಕಲಿತೆ. ಲಿವರ್ ಗಬಕ್ಕನೆ ಹಿಡಿಯಬಾರದು. ನಿಂಬೆಹಣ್ಣು ಹಿಂಡುವ ಹಾಗೆ, ಮೊದಲು ಮೆಲ್ಲಗೆ, ಭಾರ ಮುಂದೆ ಬಂತು ಅಂತ ಗೊತ್ತಾದ ಮೇಲೆ ಗಟ್ಟಿಯಾಗಿ. ತೊಡೆಯಲ್ಲಿ ಟ್ಯಾಂಕ್ ಒತ್ತಿ ಹಿಡಿದರೆ ಮೈಭಾರ ಮುಂಗೈ ಮೇಲೆ ಬೀಳಲ್ಲ. ಸ್ಪೋರ್ಟ್ಸ್ ಬೈಕಿನಲ್ಲಿ ಮುಂಗೈ ನೋಯುತ್ತೆ ಅಂತ ದೂರುವ ಅರ್ಧ ಜನ ಹ್ಯಾಂಡಲ್ ಮೇಲೆ ಮಲಗಿರುತ್ತಾರೆ ಅನ್ನೋದು ನನ್ನ ಅನುಮಾನ. ಮೊದಲೆರಡು ತಿಂಗಳು ನಾನೂ ಮಲಗಿದ್ದೆ.

ಅಲ್ಲೇ ಕಲಿತ ಇನ್ನೊಂದು ವಿಚಿತ್ರ ಹೇಳದೆ ಇರಲಾರೆ. ವೇಗದಲ್ಲಿ ಬಲಕ್ಕೆ ತಿರುಗಬೇಕಾದರೆ ಬಲಗೈಯಿಂದ ಹ್ಯಾಂಡಲ್ ಅನ್ನು ಮುಂದಕ್ಕೆ ತಳ್ಳಬೇಕು. ಅಂದರೆ ಚಕ್ರವನ್ನು ಒಂದು ಕ್ಷಣ ಎಡಕ್ಕೆ ತಿರುಗಿಸಬೇಕು. ಗಾಡಿ ಬಲಕ್ಕೆ ವಾಲುತ್ತೆ, ವಾಲಿದ ಕಡೆ ಹೋಗುತ್ತೆ. ನಂಬೋಕೆ ಕಷ್ಟ ಅಲ್ವಾ? ಸೈಕಲ್ ಕಲಿತ ದಿನದಿಂದ ಎಲ್ಲರೂ ಗೊತ್ತಿಲ್ಲದೆ ಮಾಡೋದು ಇದನ್ನೇ. ಗೊತ್ತಿದ್ದು ಮಾಡಿದಾಗ ಮಾತ್ರ ಗುಂಡಿ ಕಂಡ ಕೂಡಲೇ ಗಾಡಿ ಸರಕ್ಕನೆ ಪಕ್ಕಕ್ಕೆ ಹೋಗುತ್ತೆ. ಅಪ್ಪನಿಗೆ ಫೋನಿನಲ್ಲಿ ವಿವರಿಸಿದೆ. "ಬಲಕ್ಕೆ ಹೋಗೋಕೆ ಎಡಕ್ಕೆ ತಿರುಗಿಸ್ಬೇಕಾ? ಆಯ್ತು, ಊಟ ಮಾಡ್ದಾ?" ಅಂದರು.

ದೇವರಾಯನದುರ್ಗದಲ್ಲಿ ಒಂದು ಕೆಂಪು ದೀಪ

ಡಿಸೆಂಬರಿನಲ್ಲಿ ಆಫೀಸಿನ ಇಬ್ಬರ ಜೊತೆ ದೇವರಾಯನದುರ್ಗಕ್ಕೆ ಹೋದೆ. ಅವರದ್ದು 390. ತುಮಕೂರು ರಸ್ತೆಯಲ್ಲಿ ನೆಟ್ಟಗೆ ಅವರ ಹಿಂದೆ ಹೋಗೋದು ಆಗದ ಮಾತು, ಅದು ಗೊತ್ತಿತ್ತು. ಬೆಟ್ಟದ ತಿರುವುಗಳಲ್ಲಿ ಹಿಡಿಯಬಹುದು ಅಂತ ನನ್ನ ತಲೆಯಲ್ಲಿ ಯಾರೋ ಕೂತು ಹೇಳುತ್ತಿದ್ದರು. ಮುಂದಿನವನ ಹಿಂದಿನ ಕೆಂಪು ದೀಪ ನೋಡಿಕೊಂಡೇ ಒಂದು ಎಡ ತಿರುವಿಗೆ ನುಗ್ಗಿದೆ. ಅವನು ಮಾಯವಾದ. ತಿರುವು ನಾನು ಅಂದುಕೊಂಡದ್ದಕ್ಕಿಂತ ಬಿಗಿಯಾಗಿತ್ತು. ಎದುರಿಗೆ ಸುಣ್ಣ ಬಳಿದ ತಡೆಗೋಡೆ ಕಲ್ಲು ಕಂಡಿತು. ಕಣ್ಣು ಅಲ್ಲೇ ನೆಟ್ಟಿತು, ಗಾಡಿಯೂ ಅಲ್ಲಿಗೇ ಹೊರಟಿತು. ನೋಡಿದ ಕಡೆ ಗಾಡಿ ಹೋಗುತ್ತೆ ಅಂತ ಓದಿದ್ದೆ. ಕಲ್ಲಿನಿಂದ ಕಣ್ಣು ಕೀಳೋಕೆ ಎಷ್ಟು ಶಕ್ತಿ ಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಹೇಗೋ ಕತ್ತು ಎಡಕ್ಕೆ ತಿರುಗಿಸಿದೆ. ಗಾಡಿ ರಸ್ತೆಯ ಬಲ ಅಂಚಿನ ತನಕ ಹೋಗಿ ವಾಪಸ್ ಬಂತು. ಎದುರಿಂದ ಯಾರೂ ಬರುತ್ತಿರಲಿಲ್ಲ, ಅಷ್ಟೇ.

ಮೇಲೆ ಹೋಗಿ ಕಡಲೆಕಾಯಿ ತಿಂದೆವು. ಅವರಿಗೆ ಹೇಳಲಿಲ್ಲ. ಹೇಳಬೇಕಿತ್ತು ಅಂತ ಈಗ ಅನ್ನಿಸುತ್ತೆ, ಆಗ ಹೇಳಿದ್ದರೆ ಬಹುಶಃ ಅವರೂ ತಮ್ಮದೊಂದು ಹೇಳುತ್ತಿದ್ದರು. ಬೈಕ್ ಓಡಿಸುವವರು ಒಟ್ಟಿಗೆ ಕೂತಾಗ ಎಷ್ಟು ಹೋದೆವು ಅನ್ನೋದೇ ಮಾತು. ಎದೆ ಝಲ್ಲೆಂದದ್ದು ಯಾರ ಬಾಯಲ್ಲೂ ಬರಲ್ಲ. ಇಳಿಯುವಾಗ "ನೀವು ಹೋಗ್ತಿರಿ, ನಾನು ಫೋಟೋ ತಗೊಂಡು ಬರ್ತೀನಿ" ಅಂದೆ. ಫೋಟೋ ಏನೂ ತಗೊಳ್ಳಲಿಲ್ಲ. ಆವತ್ತಿಂದ ಗುಂಪಿನಲ್ಲಿ ನಾನು ಯಾವಾಗಲೂ ಕೊನೆ, ಅದೂ ಮುಂದಿನವನು ಕಾಣದಷ್ಟು ದೂರದಲ್ಲಿ.

ಹುರುಳಿ

ಸಂಕ್ರಾಂತಿ ಮುಗಿದ ವಾರ. ಕೆ.ಬಿ. ಕ್ರಾಸಿನಿಂದ ತುರುವೇಕೆರೆ ಕಡೆ, ಅತ್ತೆ ಮನೆಗೆ ಎಳ್ಳು ಬೆಲ್ಲ ಕೊಟ್ಟು ಬರೋಕೆ ಹೊರಟಿದ್ದೆ. ಬೆಳಿಗ್ಗೆ ಹತ್ತರ ಬಿಸಿಲು. ಅಷ್ಟು ಹೊತ್ತಿಗೆ ಒಂದು ಒಳ್ಳೆ ಕೆಲಸ ಮಾಡಿದ್ದೆ, ಹೊಸ ಹೆಲ್ಮೆಟ್, ಮೊಣಕೈ ಭುಜಕ್ಕೆ ಗಟ್ಟಿ ಪ್ಯಾಡ್ ಇರುವ ಜಾಕೆಟ್, ಗ್ಲೌಸ್ ತಗೊಂಡಿದ್ದೆ. ಶೂ ಮಾತ್ರ ಮುಂದಿನ ತಿಂಗಳು ಅಂದುಕೊಂಡಿದ್ದೆ. ಕಾಲಿಗೆ ಸಾದಾ ಕ್ಯಾನ್ವಾಸ್.

ಆ ದಿನಗಳಲ್ಲಿ ನಮ್ಮ ಕಡೆ ರಸ್ತೆಯೇ ಕಣ. ಕಣ ಮಾಡಿ ಸಗಣಿ ಸಾರಿಸಿ ರೋಣುಗಲ್ಲು ಹೊಡೆಯುವ ಕಾಲ ಹೋಯಿತು. ಹುರುಳಿ ಗಿಡ ಕಿತ್ತು ತಂದು ಡಾಂಬರಿನ ಮೇಲೆ ಹರಡಿದರೆ ಓಡಾಡುವ ಲಾರಿ ಬಸ್ಸು ಪುಕ್ಕಟೆ ತುಳಿದುಕೊಟ್ಟು ಹೋಗುತ್ತವೆ. ಕಾರಿನವರಿಗೆ ಬೇರೆ ಭಯ, ಬಳ್ಳಿ ಅಡಿಯಲ್ಲಿ ಸುತ್ತಿಕೊಂಡು ಸೈಲೆನ್ಸರ್ ಬಿಸಿಗೆ ಬೆಂಕಿ ಹತ್ತಿದ್ದಿದೆ. ಬೈಕಿನವರಿಗೆ ಜಾರಿಕೆ. ನಾನು ಇದೇ ಊರಿನವನು. ಚಿಕ್ಕಂದಿನಲ್ಲಿ ಇದೇ ಹುರುಳಿ ಮೇಲೆ ಸೈಕಲ್ ಬಿಟ್ಟು ಬಿದ್ದವನು. ನನಗೆ ಗೊತ್ತಿರಬೇಕಿತ್ತು.

ಒಂದು ಸಣ್ಣ ಏರು ಹತ್ತಿ ಇಳಿದರೆ ಅಲ್ಲೇ ಹರಡಿತ್ತು. ರಸ್ತೆಯ ಮುಕ್ಕಾಲು ಅಗಲ, ಮೊಣಕಾಲು ಎತ್ತರದ ರಾಶಿ, ಚಕ್ರಗಳು ಓಡಾಡಿದ ಕಡೆ ತೆಳ್ಳಗೆ ಪುಡಿಯಾಗಿ ಹೊಳೆಯುತ್ತಿತ್ತು. ನನ್ನ ವೇಗ 60. ಮೂರು ತಿಂಗಳು ಕಲಿತ ಕೈ ತಾನೇ ಮುಂದಿನ ಬ್ರೇಕ್ ಹಿಡಿಯಿತು. ಡಾಂಬರಿನ ಮೇಲೆ ಇದ್ದಷ್ಟು ಹೊತ್ತು ಗಾಡಿ ಚೆನ್ನಾಗಿಯೇ ನಿಂತುಕೊಳ್ಳುತ್ತಾ ಬಂತು, 60 ಇದ್ದದ್ದು 30ಕ್ಕೆ ಇಳಿದಿರಬೇಕು. ಹುರುಳಿ ಹೊಟ್ಟಿನ ಮೇಲೆ ಹತ್ತಿದ ಕೂಡಲೇ ಲಿವರ್ ಬೆರಳಿನಡಿ ಟಕಟಕ ಅಂತ ಹೊಡೆದುಕೊಂಡಿತು. ಎಬಿಎಸ್ ತನ್ನ ಕೆಲಸ ಮಾಡುತ್ತಿತ್ತು, ಚಕ್ರ ಕಟ್ಟಿಕೊಳ್ಳದ ಹಾಗೆ ಬಿಟ್ಟು ಬಿಟ್ಟು ಹಿಡಿಯುತ್ತಿತ್ತು. ಆದರೆ ಚಕ್ರಕ್ಕೂ ರಸ್ತೆಗೂ ನಡುವೆ ಉರುಳುವ ಕಾಳು ಇದ್ದರೆ ಅದಾದರೂ ಏನು ಮಾಡುತ್ತೆ? ಹಿಡಿತ ಇದ್ದಲ್ಲಿ ಅದನ್ನು ಕಾಪಾಡಬಹುದು, ಇಲ್ಲದಲ್ಲಿ ಹುಟ್ಟಿಸೋಕಾಗಲ್ಲ. ಗಾಡಿ ನಿಲ್ಲುತ್ತಿಲ್ಲ ಅಂತ ಗಾಬರಿಯಲ್ಲಿ ಹ್ಯಾಂಡಲ್ ಚೂರು ತಿರುಗಿಸಿದೆ. ಅಲ್ಲಿಗೆ ಮುಗೀತು. ಮುಂದಿನ ಚಕ್ರ ಎಡಕ್ಕೆ ಮಡಚಿಕೊಂಡಿತು, ನಾನು ಎಡಭುಜದ ಮೇಲೆ ಬಿದ್ದೆ, ಗಾಡಿ ನನ್ನ ಪಾದ ಒತ್ತಿಕೊಂಡು ಸ್ವಲ್ಪ ದೂರ ಎಳೆದುಕೊಂಡು ಹೋಯಿತು.

ಬಿದ್ದಾಗ ಮೊದಲು ಗೊತ್ತಾಗಿದ್ದು ವಾಸನೆ. ಒಣ ಹುರುಳಿ ಹೊಟ್ಟಿನ ಬಿಸಿ ವಾಸನೆ, ಅಜ್ಜಿ ಹುರುಳಿ ಹುರಿಯುವಾಗಿನದ್ದಲ್ಲ, ಕಣದಲ್ಲಿ ಮಧ್ಯಾಹ್ನ ಮಲಗಿದಾಗ ಮೂಗಿಗೆ ಬರುತ್ತಿದ್ದದ್ದು. ಮುಖದ ಗಾಜಿನ ಮೇಲೆ ಕಾಳು ಟಪಟಪ ಬಿದ್ದ ಶಬ್ದ. ಎಳ್ಳು ಬೆಲ್ಲದ ಡಬ್ಬಿ ಬ್ಯಾಗಿನಲ್ಲಿ ಒಡೆದು ಬೆನ್ನಿಗೆ ಒತ್ತುತ್ತಿತ್ತು. ಎಡಗೈ ಗ್ಲೌಸಿನ ಅಂಗೈ ಜಾಗದಲ್ಲಿ ಚರ್ಮ ಕಿತ್ತು ಬಂದಿತ್ತು, ಗ್ಲೌಸಿನ ಚರ್ಮ. ನನ್ನದು ಹಾಗೇ ಇತ್ತು. ಪಾದದ ಕೀಲು ಮಾತ್ರ ನೋಡನೋಡುತ್ತಿದ್ದ ಹಾಗೆ ಬದನೆಕಾಯಿ ಆಯಿತು. ಮುಂದಿನ ತಿಂಗಳ ಶೂ.

ಮರದಡಿ ಕೂತಿದ್ದ ಹುರುಳಿ ಯಜಮಾನರು ಓಡಿ ಬಂದರು. ಹೆಂಡತಿ ಮೊರ ಕೆಳಗಿಟ್ಟು ಚೊಂಬಿನಲ್ಲಿ ನೀರು ತಂದರು. ಇಬ್ಬರೂ ಸೇರಿ ಗಾಡಿ ಎತ್ತಿದರು. 142 ಕೆಜಿ ಗಾಡಿ, ಯಜಮಾನರಿಗೆ ಅರವತ್ತೈದಾದರೂ ಇರಬೇಕು. "ಏನ್ ಮಗಾ, ಹುರುಳಿ ಕಾಣ್ಲಿಲ್ವಾ?" ಅಂದರು. ಕಾಣಲಿಲ್ಲ ಅನ್ನಲಾ, ಕಂಡಿತು ಅನ್ನಲಾ? ಕಂಡಿತ್ತು. ಕಾಣಬೇಕಾದಷ್ಟು ಮುಂಚೆ ಕಂಡಿರಲಿಲ್ಲ. ರಸ್ತೆ ಮೇಲೆ ಹುರುಳಿ ಹಾಕಬಾರದು ಅಂತ ಜಗಳ ಆಡುವ ಮನಸ್ಸು ಒಂದು ಕ್ಷಣ ಬಂತು, ಅದು ನ್ಯಾಯವೂ ಹೌದು. ಆದರೆ ಏರಿನ ಆಚೆ ಏನಿದೆ ಅಂತ ಗೊತ್ತಿಲ್ಲದೆ 60ರಲ್ಲಿ ಇಳಿದವನು ನಾನು. ಅಲ್ಲಿ ಹುರುಳಿ ಬದಲು ಎಮ್ಮೆ ಇದ್ದಿದ್ದರೆ?

ನೀರು ಕುಡಿದೆ. ಯಜಮಾನರು ಗಾಡಿಯ ಸುತ್ತ ಒಂದು ಸುತ್ತು ಬಂದು, ಒಡೆದ ಕನ್ನಡಿ ಮುಟ್ಟಿ ನೋಡಿ, ಕೊನೆಗೆ ಕೇಳಿದರು. "ಎಷ್ಟು ಹೋಗುತ್ತೆ ಇದು?"

ಅಪ್ಪನ ಟವೆಲ್

ಪಾದಕ್ಕೆ ಮೂರು ವಾರ ಪಟ್ಟಿ. ಊರಿನಲ್ಲೇ ಉಳಿದೆ. ಅಪ್ಪ ಬೈಯಲಿಲ್ಲ, ಅದೇ ಕಷ್ಟ ಆಗಿದ್ದು. ಒಂದು ಸಂಜೆ ಜಗಲಿಯಲ್ಲಿ ಕೂತು ಅವರಿಗೆ ಹೇಳಿದೆ, ನೀನು ಹೇಳಿದ್ದ ಮುಂದಿನ ಬ್ರೇಕ್ ಮಾತು ತಪ್ಪು ಅಂತ ತಿಳಿದಿದ್ದೆ, ಹುರುಳಿ ಮೇಲೆ ನೀನೇ ಸರಿ ಅಂತ. ಅವರು ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚಿಕೊಂಡು ಕೂತರು. ಆಮೇಲೆ ಹೇಳಿದ್ದು, "ನಾವು ಗಾಡಿ ಕಲಿಯೋವಾಗ ಎಲ್ಲಿತ್ತೋ ಡಾಂಬರು? ಊರಿಂದ ಮೇನ್ ರೋಡಿಗೆ ಬರೀ ಮರಳು, ಗೊಚ್ಚೆ. ಮುಂದಿನ ಬ್ರೇಕ್ ಹಿಡಿದವನು ಹಲ್ಲು ಮುರ್ಕೊಂಡೇ ಮನೆಗೆ ಬರ್ತಿದ್ದ." ನಾನು ಮೂಢನಂಬಿಕೆ ಅಂದುಕೊಂಡಿದ್ದ ಮಾತಿಗೆ ಒಂದು ರಸ್ತೆ ಇತ್ತು. ಆ ರಸ್ತೆಗೆ ಡಾಂಬರು ಬಂದ ಮೇಲೂ ಮಾತು ಹಾಗೇ ಉಳಿದಿತ್ತು, ಅಷ್ಟೇ. ವರ್ಷಕ್ಕೆ ಒಂದು ತಿಂಗಳು ಹುರುಳಿ ಬಂದು ಡಾಂಬರನ್ನು ಮತ್ತೆ ಆ ಹಳೇ ರಸ್ತೆ ಮಾಡುತ್ತೆ. ಮೊದಲ ಮಳೆಯ ಎಣ್ಣೆ ಜಿಡ್ಡು, ಟ್ರ್ಯಾಕ್ಟರ್ ಚಕ್ರದಿಂದ ಉದುರಿದ ಕೆಸರು, ತಿರುವಿನಲ್ಲಿ ಜಲ್ಲಿ ಲಾರಿ ಚೆಲ್ಲಿದ ಮರಳು, ಇವೂ ಅದೇ ಜಾತಿ.

ಪಾದ ಸರಿಯಾದ ಮೇಲೆ ಅಪ್ಪನೇ ಎಬ್ಬಿಸಿದರು. ಊರಾಚೆ ಹೊಸ ಲೇಔಟ್ ರಸ್ತೆ, ಅದರ ಪಕ್ಕದಲ್ಲೇ ತೆಂಗಿನ ತೋಟ. ನಾನು 60ರಲ್ಲಿ ಬರಬೇಕು. ಅವರು ಪಕ್ಕದಲ್ಲಿ ನಿಂತು ಮನಸ್ಸು ಬಂದಾಗ ಟವೆಲ್ ಬೀಸುತ್ತಾರೆ. ಬೀಸಿದಾಗ ನಾನು ಎಲ್ಲಿದ್ದೆ ಅಂತ ನೋಡಿಕೊಂಡು ಅಲ್ಲೊಂದು ತೆಂಗಿನ ಮಟ್ಟೆ, ಗಾಡಿ ನಿಂತಲ್ಲಿ ಇನ್ನೊಂದು. ಅಳೆಯೋಕೆ ಟೇಪು ತಂದಿರಲಿಲ್ಲ. ಅಪ್ಪ ಪಕ್ಕದ ತೋಟ ನೋಡಿ, "ನಾಕು ಮರ" ಅಂದರು.

ನಮ್ಮ ಕಡೆ ತೆಂಗಿನ ಸಸಿ ಇಡೋದು 30 ಅಡಿಗೆ ಒಂದು. ಅಲ್ಲೇ ಅಡಿ ಅಡಿ ಇಟ್ಟು ಎಣಿಸಿದೆ, ಸರಿಯಾಗಿತ್ತು. ರಾತ್ರಿ ಕಾಗದದ ಮೇಲೆ ಲೆಕ್ಕ ಹಾಕಿದೆ. 60ರಲ್ಲಿ ಗಾಡಿ ಒಂದು ಸೆಕೆಂಡಿಗೆ ಹದಿನೇಳು ಮೀಟರ್ ಹತ್ತಿರ ಹೋಗುತ್ತೆ. ಟವೆಲ್ ಕಂಡು ಕೈ ಬ್ರೇಕಿಗೆ ಹೋಗೋಕೆ ಒಂದು ಸೆಕೆಂಡ್ ಅಂದರೆ, ಏನೂ ಮಾಡದೆ ಎರಡು ಮರ ದಾಟಿರುತ್ತೀವಿ. ಆಮೇಲೆ ಚೆನ್ನಾಗಿ ಬ್ರೇಕ್ ಹಿಡಿದರೆ ಇನ್ನು ಇಪ್ಪತ್ತು ಮೀಟರ್, ಅದೂ ಎರಡು ಮರ. ಒಟ್ಟು ನಾಲ್ಕು. ಅಪ್ಪನ ಕಣ್ಣಳತೆ ಸರಿ. 80ರಲ್ಲಿ ಆರು ಮರ ದಾಟುತ್ತೆ. 100ರಲ್ಲಿ ಒಂಬತ್ತು. ಇದೆಲ್ಲಾ ಒಣ ಡಾಂಬರು, ಒಳ್ಳೆ ಟಯರ್, ಎಚ್ಚರ ಇರುವ ಕೈ. ಹುರುಳಿ ಹೊಟ್ಟಿನ ಮೇಲಾದರೆ ತೋಟ ಮುಗಿದು ಪಕ್ಕದವರ ತೋಟ ಶುರುವಾಗುತ್ತೆ.

ಎಷ್ಟೋ ಓದಿದ್ದರೂ ಮೀಟರ್ ಲೆಕ್ಕ ನನ್ನ ತಲೆಯಲ್ಲಿ ನಿಂತಿರಲಿಲ್ಲ. ಮರದ ಲೆಕ್ಕ ನಿಂತುಬಿಟ್ಟಿತು. ತಿಪಟೂರು ಕಡೆ ರಸ್ತೆಯ ಎರಡೂ ಪಕ್ಕ ಇರೋದೇ ತೆಂಗು. ಏರಿನ ತುದಿಯಿಂದ ಆಚೆ ಎಷ್ಟು ಮರ ಕಾಣುತ್ತೆ? ಮೂರು ಕಂಡರೆ ಮೂರು ಮರದ ವೇಗ. ತಿರುವಿನಲ್ಲಿ ಎರಡೇ ಕಂಡರೆ 40 ಕೂಡ ಸ್ವಲ್ಪ ಜಾಸ್ತಿಯೇ. ಬೆಂಗಳೂರಿನಲ್ಲಿ ತೆಂಗಿಲ್ಲ, ಅಲ್ಲಿ ಮೆಟ್ರೋ ಕಂಬ ನೋಡಿ ಅಂದಾಜು ಮಾಡುತ್ತೀನಿ. ಮುಂಚಿನಷ್ಟೇ ಖುಷಿ ಇದೆಯಾ ಅಂತ ಗೆಳೆಯರು ಕೇಳುತ್ತಾರೆ. ಇದೆ. ಕಾಣುವಷ್ಟು ದೂರ ರಸ್ತೆ ಖಾಲಿ ಇದ್ದಾಗ ಏಳೂವರೆ ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ ಆ ಇಂಜಿನ್ನಿನ ದನಿ ಬದಲಾಗುತ್ತಲ್ಲ, ಅದಕ್ಕೆ ಈಗಲೂ ಮೈ ಜುಮ್ಮೆನ್ನುತ್ತೆ.

ಬಂಕಿನಲ್ಲಿ ಈಗ ಯಾರಾದರೂ ಎಷ್ಟು ಹೋಗುತ್ತೆ ಅಂದರೆ "ನೂರರಲ್ಲಿ ಒಂಬತ್ತು ಮರ" ಅನ್ನುತ್ತೀನಿ. ಹೆಚ್ಚಿನವರು ಇವನಿಗೆ ತಲೆ ಸರಿ ಇಲ್ಲ ಅಂತ ನೋಡಿ ಹೋಗುತ್ತಾರೆ. ಒಬ್ಬ ಹುಡುಗ ಮಾತ್ರ ನಿಂತು ಪೂರ್ತಿ ಕೇಳಿದ. ಕೇಳಿ ಆದಮೇಲೆ, "ಸರಿ ಅಣ್ಣಾ, ಆದ್ರೂ ಟಾಪ್ ಎಷ್ಟು?" ಅಂದ.

ಕಳೆದ ಜನವರಿಯಲ್ಲಿ ಅಮ್ಮ ಮೊದಲ ಸಲ ಆ ಮಣೆ ಮೇಲೆ ಕೂತರು. ಅತ್ತೆ ಮನೆಗೇ. ಬಸ್ ತಪ್ಪಿತ್ತು, ಬೇರೆ ದಾರಿ ಇರಲಿಲ್ಲ. ಅವರಿಗೆ ಅಂತ ತಂದ ಹೆಲ್ಮೆಟ್ ಒಳಗಿಂದ "ನಿಧಾನ, ನಿಧಾನ" ಅನ್ನುವುದು ಮಂತ್ರದ ಹಾಗೆ ಕೇಳುತ್ತಿತ್ತು. ಎಷ್ಟೋ ಜನ ಕಿತ್ತು ಬಿಸಾಕುವ ಸೀರೆ ಗಾರ್ಡ್ ನಾನು ಉಳಿಸಿಕೊಂಡದ್ದಕ್ಕೆ ಆವತ್ತು ಬೆಲೆ ಬಂತು. ಅದೇ ಏರು. ತುದಿಯಲ್ಲಿ ಎರಡನೇ ಗೇರ್. ಇಳಿದರೆ ಈ ವರ್ಷವೂ ಅಲ್ಲೇ ಹುರುಳಿ. ನಾನು ಆಗಲೇ ನಿಲ್ಲಿಸಿದ್ದೆ. ಅಮ್ಮ ಇಳಿದರು, "ನೀನು ಗಾಡಿ ತಗೊಂಡು ಬಾ, ನಾನು ನಡೀತೀನಿ" ಅಂತ ಸೀರೆ ಎತ್ತಿ ಕಟ್ಟಿಕೊಂಡು ಹೆಲ್ಮೆಟ್ ಸಮೇತ ಹುರುಳಿ ತುಳಿಯುತ್ತಾ ಹೊರಟರು. ನಾನು ಬ್ರೇಕ್ ಮುಟ್ಟದೆ, ಹ್ಯಾಂಡಲ್ ನೆಟ್ಟಗೆ ಹಿಡಿದು, ಎರಡೂ ಕಾಲು ಇಳಿಬಿಟ್ಟುಕೊಂಡು ಹಿಂದೆ ಹಿಂದೆ ದಾಟಿದೆ. ಆಚೆ ಬದಿಯಲ್ಲಿ ಅಮ್ಮ ಬಗ್ಗಿ ಒಂದು ಹಿಡಿ ಕಾಳು ಎತ್ತಿ, ಅಂಗೈಯಲ್ಲಿ ಉಜ್ಜಿ, ಊದಿ, ಹೆಲ್ಮೆಟ್ ಗಾಜು ಮೇಲೆತ್ತಿ ನೋಡಿದರು.

"ಈ ಸಲ ಕಾಳು ದಪ್ಪ ಇದೆ" ಅಂದರು.